ಕೆಂಪಿಯ ಬಾಟಲಿ, ದಾಕ್ಷಾಯಿಣಿಯ ಬಾಟಲಿ

ನಮ್ಮೂರಲ್ಲಿ ಸುಸ್ತಿಲ್ಲದ ಹೆಂಗಸನ್ನು ನಾನು ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನನ್ನ ಹೆಸರು ತನುಜಾ. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಬದಿಯ ಊರೊಂದರಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ದಿನಕ್ಕೆ ಇಪ್ಪತ್ತು ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. "ಹೆಂಗದೀರಿ?" ಎಂದರೆ ಹದಿನೈದು ಮನೆಯಲ್ಲಿ ಬರುವ ಉತ್ತರ ಒಂದೇ, "ಭಾಳ ಸುಸ್ತು." ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತೇನೆ. ಬರೆಯುವ ಕೈಗೂ ಸುಸ್ತಾಗಿರುತ್ತದೆ.

ಈ ಸುಸ್ತಿಗೆ ಕೆಲವು ವರ್ಷದ ಹಿಂದೆ ಒಂದು ಹೊಸ ಮದ್ದು ಬಂತು. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಗುರುವಾರಕ್ಕೊಮ್ಮೆ ಒಬ್ಬ ಬಂದು ಕೂರತೊಡಗಿದ. ಬಾಗಿಲಿಗೆ 'ವಿಟಮಿನ್ ಡ್ರಿಪ್' ಎಂಬ ಫಲಕ. ನಮ್ಮ ಜನ ಅದಕ್ಕೆ ಹಳದಿ ಬಾಟಲಿ ಎಂದು ಹೆಸರಿಟ್ಟರು. ಬರಿಯ ಸಲೈನ್ ಹಾಕಿಸಿಕೊಂಡೇ ಹಿಗ್ಗುತ್ತಿದ್ದವರಿಗೆ ಬಣ್ಣದ ಬಾಟಲಿ ಕಂಡರೆ ಕೇಳಬೇಕೇ? ಒಂದಕ್ಕೆ ಒಂದೂವರೆ ಸಾವಿರ, ಐದಕ್ಕೆ ಒಟ್ಟಿಗೆ ಕೊಟ್ಟರೆ ಆರು ಸಾವಿರ. ಏನು ಓದಿದ್ದೀಯಪ್ಪ ಎಂದು ಆತನನ್ನು ಯಾರೂ ಕೇಳಲಿಲ್ಲ. ಬಿಳಿ ಕೋಟು ಹಾಕಿದ್ದ, ಅಷ್ಟು ಸಾಕಾಯಿತು.

ದಾಕ್ಷಾಯಿಣಿ ಅಲ್ಲಿಗೆ ಎರಡು ಗುರುವಾರ ಹೋಗಿ ಬಂದಿದ್ದಳು. ಅವಳಿಗೆ ನಲವತ್ತೊಂದು ವಯಸ್ಸು. ಮನೆಯಲ್ಲಿ ನಾಲ್ಕು ಹಸು, ಎರಡು ಎಕರೆ ಅನಾನಸು. ಗಂಡ ಅಂದಾನಪ್ಪ ಒಳ್ಳೆಯವನೇ, ಆದರೆ ಹೆಂಡತಿಗೂ ದಣಿವಾಗುತ್ತದೆ ಎನ್ನುವುದು ಅವನಿಗೆ ಹೊಳೆಯುವುದು ತಡವಾಗಿ. ಅತ್ತೆ ಮುರಿಗೆವ್ವನಿಗೆ ಮಾತ್ರ ಹೊಳೆದಿತ್ತು. ಸೊಸೆ ಸೆಗಣಿ ಬುಟ್ಟಿ ಹೊತ್ತು ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುವುದನ್ನು ಆಕೆ ನೋಡಿದ್ದಳು. ತನ್ನ ಪಿಂಚಣಿಯಲ್ಲಿ ಕೂಡಿಟ್ಟಿದ್ದ ಆರು ಸಾವಿರವನ್ನೂ ತೆಗೆದು ಸೊಸೆಯ ಬಾಟಲಿಗೆ ಕೊಟ್ಟಿದ್ದಳು. ಇಂಥ ಅತ್ತೆಯ ಮೇಲೆ ಹೇಗೆ ಸಿಟ್ಟು ಮಾಡುವುದು ಹೇಳಿ.

ಮೂರನೆಯ ಗುರುವಾರದ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ನಾನು ಅವರ ಮನೆಗೆ ಹೋದೆ. ನನ್ನನ್ನು ಕಂಡದ್ದೇ ಮುರಿಗೆವ್ವ ಮುಖ ತಿರುಗಿಸಿದಳು.

"ತನುಜಾ, ಮತ್ತ ಅದನ್ನಽ ಹೇಳಾಕ ಬಂದಿದ್ರ ಚಾ ಕುಡದು ಹೋಗು."

"ಚಾನೂ ಕುಡೀತೀನಿ, ಹೇಳೂದೂ ಹೇಳ್ತೀನಿ. ಎರಡು ಬಾಟ್ಲಿ ಹೋದುವಲ್ಲ ಯವ್ವ, ಸುಸ್ತು ಕಡಿಮಿ ಆತೇನು?"

"ಇನ್ನಾ ಮೂರು ಅದಾವು. ಐದೂ ಏರಿದ ಮ್ಯಾಲೆ ಗುಣ ಕಾಣ್ತೈತಿ ಅಂದಾನ ಅಂವ. ರೊಕ್ಕ ಪೂರ್ತಿ ಕೊಟ್ಟೀನಿ, ಈಗ ಬಿಡೂದು ಹ್ಯಾಂಗ?"

ದಾಕ್ಷಾಯಿಣಿ ಚಹಾ ತಂದಳು. ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪಿರಬೇಕಾದಲ್ಲಿ ಸುಣ್ಣ ಬಳಿದಂತಿತ್ತು. ಎರಡು ವರ್ಷದಿಂದ ಅವಳಿಗೆ ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿರಲಿಲ್ಲ. ಅದನ್ನು ನನಗೊಬ್ಬಳಿಗೇ ಹೇಳಿದ್ದಳು. ರಕ್ತ ಪರೀಕ್ಷೆಗೆ ಬಾ ಎಂದು ನಾನು ಮೂರು ಸಲ ಕರೆದಿದ್ದೆ. ಒಮ್ಮೆ ಹಸು ಬೆದೆಗೆ ಬಂದಿತ್ತು, ಒಮ್ಮೆ ಅನಾನಸಿನ ಲಾರಿ ಬಂದಿತ್ತು, ಇನ್ನೊಮ್ಮೆ ಏನೋ.

"ಹೋದ ವಾರ ಹ್ಯಾಂಗಾತು?" ಎಂದು ಕೇಳಿದೆ.

"ಅರ್ಧ ಬಾಟ್ಲಿ ಹೋಗೂದ್ರಾಗ ಥಂಡಿ ಬಂದು ನಡುಕ ಹತ್ತಿತಕ್ಕ. ಎದಿ ಬಿಗದಂಗಾತು. ಅಂವಗ ಹೇಳಿದ್ರ, ಕಸುವು ಏರಾಕ ಹತ್ತೈತಿ, ಸುಮ್ನ ಮಲಕೋರಿ ಅಂದ."

ನನಗೆ ತಿಳಿದಷ್ಟನ್ನು ಹೇಳಿದೆ. ಆ ಬಾಟಲಿಯಲ್ಲಿ ಇರುವುದು ನೀರು, ಐದಾರು ಚಮಚ ಸಕ್ಕರೆ, ಬಣ್ಣಕ್ಕೆ ಒಂದಿಷ್ಟು ಬಿ ವಿಟಮಿನ್. ಬಾಯಿಂದ ಉಣ್ಣಲು ಬರುವವರಿಗೆ ಅದನ್ನು ನರದಿಂದ ಕೊಡಬೇಕಾಗಿಲ್ಲ. ಮೈಗೆ ಬೇಡವಾದ ಬಿ ವಿಟಮಿನ್ ಮೂತ್ರದಲ್ಲಿ ಹೊರಗೆ ಹೋಗುತ್ತದೆ.

"ಅದಕ ಅವತ್ತು ಅರಿಶಿಣ ಕಲಸಿದಂಗ ಹೋತು," ಎಂದಳು ದಾಕ್ಷಾಯಿಣಿ.

"ಸೂಜಿ ಸ್ವಚ್ಛ ಇರಲಿಲ್ಲ ಅಂದ್ರ ರಕ್ತಕ್ಕ ನಂಜು ಏರತೈತಿ. ಕೆಲವ್ರಿಗೆ ಮದ್ದು ಒಗ್ಗೂದಿಲ್ಲ, ಉಸಿರಽ ಕಟ್ಟತೈತಿ. ಆ ಕೋಣ್ಯಾಗ ಹಂಗಾದ್ರ ಉಳಸವರು ಯಾರು?" ಎಂದೆ.

ಮುರಿಗೆವ್ವ ಲೋಟ ಕೆಳಗಿಟ್ಟಳು. "ಅಷ್ಟು ತಿಳದಾಕಿ ಎರಡು ವರ್ಷದ ಹಿಂದ ನೀನ್ಯಾಕ ಹಾಕಿಸ್ಕೊಂಡಿ?"

ಹೌದು, ಹಾಕಿಸಿಕೊಂಡಿದ್ದೆ. ಸಮೀಕ್ಷೆಯ ಕೆಲಸ, ಲಸಿಕೆಯ ಕೆಲಸ, ಮನೆಯಲ್ಲಿ ಮಗಳ ಪರೀಕ್ಷೆ, ಎಲ್ಲ ಸೇರಿ ಕಾಲು ಎತ್ತಿಡಲಾಗದೆ ಅದೇ ಕೋಣೆಗೆ ಹೋಗಿ ಮಲಗಿದ್ದೆ. ಎದ್ದಾಗ ಹಗುರಾಗಿದ್ದೂ ನಿಜ. ಯಾಕೆ ಹಗುರಾಯಿತೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಎಷ್ಟೋ ವರ್ಷದ ಮೇಲೆ ಅಂದು ಒಂದು ತಾಸು ನಾನು ಹಗಲಲ್ಲಿ ಮಲಗಿದ್ದೆ, ಯಾರೂ ಕರೆದಿರಲಿಲ್ಲ. ಒಂದೂವರೆ ಸಾವಿರ ಕೊಟ್ಟು ನಾನು ಕೊಂಡದ್ದು ಒಂದು ತಾಸಿನ ಹಾಸಿಗೆ.

ಇದನ್ನು ಹೇಳಬೇಕು ಎನ್ನುವಷ್ಟರಲ್ಲಿ ಕೊಟ್ಟಿಗೆಯಿಂದ ಅಂದಾನಪ್ಪ ಕೂಗಿದ. "ಯವ್ವಾ, ಕೆಂಪಿ ಏಳವಲ್ದು."

ಕೆಂಪಿ ಅವರ ಮನೆಯ ಹೆಚ್ಚು ಹಾಲಿನ ಹಸು. ಹಿಂದಿನ ದಿನವಷ್ಟೇ ಕರು ಹಾಕಿತ್ತು. ಈಗ ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಮುರಿಗೆವ್ವ ಅದರ ತಲೆ ಹಿಡಿದು ಅಳಲು ಶುರುಮಾಡಿದಳು. ಅಂದಾನಪ್ಪ ಪಶು ವೈದ್ಯರಿಗೆ ಫೋನ್ ಮಾಡಿದ. ಡಾಕ್ಟರ್ ನವೀನ ಅರ್ಧ ತಾಸಿನಲ್ಲಿ ಬಂದರು. ಕಾನಸೂರಿನ ಕಡೆಯವರು, ಮಾತು ಮಲೆನಾಡಿನದು.

ಅವರು ಬಂದವರೇ ಬಾಟಲಿ ತೆಗೆಯಲಿಲ್ಲ. ಕಿವಿ ಮುಟ್ಟಿದರು, ಜ್ವರ ನೋಡಿದರು, ಕಣ್ಣು ನೋಡಿದರು. ಕರು ಹಾಕಿ ಎಷ್ಟು ಹೊತ್ತಾಯಿತು, ಸೆಗಣಿ ಹಾಕಿದೆಯೇ, ಎಷ್ಟು ಹಾಲು ಕರೆದಿರಿ ಎಂದೆಲ್ಲ ಕೇಳಿದರು.

"ಇದು ಹಾಲು ಜ್ವರ. ಹೆಸರಿಗಷ್ಟೇ ಜ್ವರ, ಮೈ ತಣ್ಣಗೇ ಇರ್ತದೆ. ಮೈಯಲ್ಲಿದ್ದ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಇಳಿದುಬಿಟ್ಟಿದೆ. ಸ್ವಲ್ಪ ಬಿಸಿನೀರು ತನ್ನಿ."

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರು. ಕತ್ತಿನ ನರಕ್ಕೆ ಸೂಜಿ ಹಾಕಿ, ಅಂದಾನಪ್ಪನ ಕೈಗೆ ಬಾಟಲಿ ಕೊಟ್ಟು, ತಾವು ನೆಲದ ಮೇಲೆ ಕೂತು ಸ್ಟೆತಸ್ಕೋಪನ್ನು ಹಸುವಿನ ಎದೆಗಿಟ್ಟು ಕಿವಿಗೊಟ್ಟರು. ನಡುವೆ ಎರಡು ಸಲ ಕೈಯೆತ್ತಿ ಬಾಟಲಿ ನಿಲ್ಲಿಸಿದರು, ಮತ್ತೆ ಬಿಟ್ಟರು. ಅದು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಸ್ವಲ್ಪ ಹೊತ್ತಿಗೆ ಕೆಂಪಿ ತೇಗಿತು, ಮೈ ನಡುಗಿಸಿತು, ಹಿಂಗಾಲು ಊರಿ ಎದ್ದು ನಿಂತಿತು.

ಮುರಿಗೆವ್ವ ನನ್ನ ಕಡೆ ತಿರುಗಿದಳು. "ನೋಡಿದೇನ ತನುಜಾ? ಬಾಟ್ಲಿ ಅಂದ್ರ ಇದು. ನಾಳೆ ನನ್ನ ಸೊಸಿನೂ ಹಿಂಗಽ ಏಳತಾಳ."

ಹಸುವೇ ಸಾಕ್ಷಿ ಹೇಳಲು ಎದ್ದು ನಿಂತ ಮೇಲೆ ನಾನೇನು ಹೇಳಲಿ? ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದ ಡಾಕ್ಟರು ಯಾರಿಗೆ ಬಾಟಲಿ ಎಂದು ಕೇಳಿದರು. ನಾನು ಹಳದಿ ಬಾಟಲಿಯ ವಿಷಯ ಹೇಳಿದೆ.

"ಅಜ್ಜಿ, ನಾನು ದನದ ಡಾಕ್ಟ್ರು, ದನದ್ದೇ ಹೇಳ್ತೇನೆ. ನಿಮ್ಮ ಕೊಟ್ಟಿಗೆಯಲ್ಲಿ ನಾಲ್ಕು ದನ ಇದಾವೆ. ನಾಲ್ಕಕ್ಕೂ ಬಾಟ್ಲಿ ಹಾಕಿದ್ನಾ?"

"ಇಲ್ರಿ. ಉಳದವಕ್ಕ ಏನಾಗೇತಿ ಹಾಕಾಕ?"

"ಹಾಂ. ಇದಕ್ಕೆ ಎಂತ ಕಡಿಮೆ ಆಗಿದೆ ಅಂತ ಮೊದಲು ನೋಡಿದೆ, ಅದನ್ನೇ ಕೊಟ್ಟೆ. ಮಧ್ಯ ಎರಡು ಸಲ ನಿಲ್ಲಿಸಿದೆ, ನೋಡಿದ್ರಾ?"

"ನೋಡಿದೆ. ನಳಿಗಿ ಎದಿಗೆ ಇಟ್ಕೊಂಡು ಕೂತಿದ್ರಿ."

"ಎದೆ ಬಡಿತ ತಪ್ತಾ ಇತ್ತು, ಅದಕ್ಕೆ ನಿಲ್ಲಿಸಿದ್ದು. ಬೇಗ ಬಿಟ್ರೆ ಎದೆ ನಿಂತೇ ಹೋಗ್ತದೆ. ಔಷಧ ಸರಿ ಇದ್ರೂ ದನ ಸಾಯ್ತದೆ. ಹಾಗೆ ಸತ್ತದ್ದನ್ನ ನಾನು ನೋಡಿದೇನೆ."

ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಮುರಿಗೆವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಳು. ಸೊಸೆಯನ್ನು ಹತ್ತಿರ ಕರೆದಳು.

"ದಾಕ್ಷಾಯಿಣಿ, ನಿನಗ ನಡುಕ ಬಂದಾಗ ನಿನ್ನ ಎದಿ ಮ್ಯಾಲೆ ಯಾರು ಕೈ ಇಟ್ಟಿದ್ರು?"

"ಯಾರೂ ಇಲ್ರಿ ಅತ್ತಿ. ಅಂವ ಹೊರಗ ನಿಂತು ಫೋನಿನ್ಯಾಗ ಮಾತಾಡಾಕ ಹತ್ತಿದ್ದ."

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದನಕ್ಕ ಸಿಕ್ಕಷ್ಟು ಕಾಳಜಿ ನಿನಗ ಸಿಗಲಿಲ್ಲಲ್ಲವಾ," ಎಂದಳು. ನಾನು ಹನ್ನೊಂದು ವರ್ಷ ಹೇಳಿದ್ದೆಲ್ಲ ಆ ಒಂದು ಮಾತಿನಷ್ಟು ಇರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು.

ಗುರುವಾರ ಅವರು ಬಾಡಿಗೆ ಕೋಣೆಗೆ ಹೋಗಲಿಲ್ಲ. ಅತ್ತೆ, ಸೊಸೆ, ಅಂದಾನಪ್ಪ ಮೂವರೂ ನನ್ನ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಆರೂ ಚಿಲ್ಲರೆ ಇತ್ತು. ಅಲ್ಲಿಂದ ನೇರ ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಹಳದಿ ಬಾಟಲಿಯ ಕಥೆ ಕೇಳಿ ಪೆನ್ನು ಕೆಳಗಿಟ್ಟರು.

"ಇಷ್ಟು ರಕ್ತ ಕಡಿಮೆ ಇದ್ದಾಗ ಎದೆ ಮೊದಲೇ ದಣಿದಿರ್ತದೆ. ಅದರ ಮೇಲೆ ಗಡಿಬಿಡಿಯಲ್ಲಿ ನೀರು ಏರಿಸಿದ್ರೆ ಅದು ತಡ್ಕೊಳ್ಳೋದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬ್ತದೆ. ಮೂರನೇ ಬಾಟ್ಲಿಗೆ ಹೋಗದೇ ಇದ್ದದ್ದು ಒಳ್ಳೇದಾಯ್ತು."

ಅಂದಾನಪ್ಪ ಯಾರೂ ಹೇಳದೆಯೇ ರಕ್ತನಿಧಿಗೆ ಹೋಗಿ ರಕ್ತ ಕೊಟ್ಟು ಬಂದ.

ಆಸ್ಪತ್ರೆಯಲ್ಲೂ ಬಾಟಲಿ ಹಾಕಿದರು. ಅದರಲ್ಲಿ ಇದ್ದದ್ದು ರಕ್ತ, ಅವಳಿಗೆ ಕಡಿಮೆಯಾಗಿದ್ದದ್ದೂ ಅದೇ. ಮೊದಲು ಗುಂಪು ನೋಡಿ, ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿ, ಆಮೇಲೆ ಹನಿಹನಿಯಾಗಿ ಬಿಟ್ಟರು. ನರ್ಸ್ ಮತ್ತೆ ಮತ್ತೆ ಬಂದು ನಾಡಿ ಹಿಡಿದು ನೋಡುತ್ತಿದ್ದಳು. ಮುರಿಗೆವ್ವನಿಗೆ ಅದೂ ಸಾಲಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಬಾಟಲಿ ಮುಗಿಯುವ ತನಕ ಸೊಸೆಯ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ.

ಹೋಗುವ ಬರುವ ಬಸ್ಸು ಹೆಂಗಸರಿಗೆ ಪುಕ್ಕಟೆ. ನಾವು ಕೈಯಿಂದ ಕೊಟ್ಟದ್ದು ಅಂದಾನಪ್ಪನ ಟಿಕೆಟಿಗೆ, ಕ್ಯಾಂಟೀನಿನ ಚಹಾ ತಿಂಡಿಗೆ ಅಷ್ಟೇ. ಕೋಣೆಯವನು ಉಳಿದ ಮೂರು ಬಾಟಲಿಯ ದುಡ್ಡು ತಿರುಗಿ ಕೊಡಲಿಲ್ಲ. ಮುರಿಗೆವ್ವ ಎರಡು ಸಲ ಹೋಗಿ ಬೈದು ಬಂದಳು, ಮೂರನೆಯ ಸಲ ಹೋದಾಗ ಬಾಗಿಲಿಗೆ ಬೀಗವಿತ್ತು.

ದಾಕ್ಷಾಯಿಣಿ ಈಗ ಕಬ್ಬಿಣದಂಶದ ಮಾತ್ರೆ ನುಂಗುತ್ತಾಳೆ, ಮುಟ್ಟಿನ ತೊಂದರೆಗೂ ಚಿಕಿತ್ಸೆ ನಡೆದಿದೆ. ಸುಸ್ತು ಪೂರ್ತಿ ಹೋಗಿದೆಯೇ ಎಂದರೆ ಇಲ್ಲ. ನಾಲ್ಕು ಹಸು, ಎರಡು ಎಕರೆ ಎಲ್ಲಿಗೂ ಹೋಗಿಲ್ಲವಲ್ಲ. ಆದರೆ ಸೆಗಣಿ ಬುಟ್ಟಿಯನ್ನು ಅಂದಾನಪ್ಪ ಹೊರುತ್ತಾನೆ. ನಾನು ಮುರಿಗೆವ್ವನಿಗೆ ನನ್ನ ಒಂದು ತಾಸಿನ ಹಾಸಿಗೆಯ ಕಥೆಯನ್ನೂ ಹೇಳಿಬಿಟ್ಟೆ. ಈಗ ಮಧ್ಯಾಹ್ನ ಊಟವಾದ ಮೇಲೆ ಆ ಮನೆಯಲ್ಲಿ ಒಂದು ತಾಸು ಸೊಸೆಯನ್ನು ಯಾರೂ ಕರೆಯುವ ಹಾಗಿಲ್ಲ. ಮೊನ್ನೆ ಹೋದಾಗ ಮುರಿಗೆವ್ವ ನನಗೂ ಒಂದು ಚಾಪೆ ಹಾಸಿದಳು. ಮಲಗಿದೆ. ಪುಕ್ಕಟೆಯಾಗಿ.

ಅಕ್ಕಂದಿರೇ, ತಂಗಿಯರೇ, ನಿಮಗೂ ಸುಸ್ತಾಗಿದೆ ಎಂದು ನನಗೆ ಗೊತ್ತು. ಅದು ಸುಳ್ಳು ಸುಸ್ತಲ್ಲ. ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ, ಬಿಪಿ ನೋಡಿಸಿ. ನಿಮ್ಮ ಆಶಾಳನ್ನು ಕೇಳಿ, ಅವಳಿಗೆ ಎಷ್ಟು ಸುಸ್ತಾಗಿದ್ದರೂ ಕರೆದುಕೊಂಡು ಹೋಗುತ್ತಾಳೆ. ಬಾಟಲಿ ಬೇಕೋ ಬೇಡವೋ ಎಂದು ಡಾಕ್ಟರು ಹೇಳಲಿ, ಫಲಕ ಹೇಳುವುದು ಬೇಡ. ಎಂದಾದರೂ ಕೈಗೆ ಸೂಜಿ ಹಾಕಿಸಿಕೊಳ್ಳಬೇಕಾಗಿ ಬಂದರೆ ಇಷ್ಟು ಕೇಳಿ: ನನಗೆ ಏನು ಕಡಿಮೆಯಾಗಿದೆ, ಅದನ್ನು ಯಾರು ನೋಡಿದರು, ಇದು ಮುಗಿಯುವ ತನಕ ನನ್ನ ಎದೆಬಡಿತ ನೋಡಿಕೊಂಡು ಇಲ್ಲಿ ಯಾರಿರುತ್ತಾರೆ?

ಉತ್ತರ ಸಿಗದಿದ್ದರೆ ಎದ್ದು ಬನ್ನಿ. ದುಡ್ಡು ಕೊಟ್ಟಾಗಿದ್ದರೂ ಎದ್ದು ಬನ್ನಿ.