ಸ್ಥಳ, ದಿನಾಂಕ, ಸಹಿ

"ಮೇಡಂ, ಸ್ಥಳ ಮುಚ್ಚಿದ್ದೀರಾ ಇಲ್ವಾ, ಅಷ್ಟು ಹೇಳಿ ಸಾಕು."

ಹೆಡ್‌ಕ್ಲಾರ್ಕಮ್ಮನ ಎರಡೂ ಕೈಗೆ ಸೋಪಿನ ನೊರೆ ಮೆತ್ತಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೆಳಗಿನ ಪಾತ್ರೆ ತೊಳೆಯುತ್ತಿದ್ದಳು. ಮಾತಾಡುತ್ತಿದ್ದವರು ಔಷಧಿ ಅಂಗಡಿಯವರು. ಕಂಡ ಕಂಡ ಹುಲ್ಲಿಗೂ ಲ್ಯಾಟಿನ್ ಹೆಸರು ಹೇಳುತ್ತಾರೆಂದು ಭಾನುವಾರದ ನಡಿಗೆಯ ಗುಂಪಿನಲ್ಲಿ ಅವರಿಗೆ ಲ್ಯಾಟಿನ್ ಮಾಸ್ತರು ಎಂದೇ ಹೆಸರು. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಯಾರಿಗೂ ಫೋನ್ ಮಾಡುವವರಲ್ಲ.

"ಯಾವ ಸ್ಥಳ ಸಾರ್?"

"ನಿಮ್ಮ ನೆಲಸೀತಾಳೆ ಹೂವಿಂದು, ಆ ಆರ್ಕಿಡ್‌ದು. ಕಂಡ ಗಿಡ, ಹಕ್ಕಿ ದಾಖಲಿಸ್ತೀವಲ್ಲ, ಆ ಆ್ಯಪ್‌ಗೆ ಅಪರೂಪದ ಗಿಡ ಹಾಕುವಾಗ ಜಾಗ ಯಾರಿಗೂ ಕಾಣದ ಹಾಗೆ ಮುಚ್ಚೋಕೆ ಒಂದು ಗುಂಡಿ ಇರುತ್ತೆ. ಒತ್ತಿದ್ರಾ?"

"ಇಲ್ಲ. ಅಂಥದ್ದೊಂದು ಇದೆ ಅಂತಾನೇ ಗೊತ್ತಿರಲಿಲ್ಲ."

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು.

"ನಿಮ್ಮ ಫೋಟೋ ಕೆಳಗೆ ಹಸಿರುಪ್ರೇಮಿ ಅಂತ ಹೆಸರಿಟ್ಕೊಂಡವನೊಬ್ಬ 'ಇನ್ನೂ ಅರಳಿದ್ಯಾ' ಅಂತ ಕೇಳಿದ್ದಾನೆ. ನೀವು 'ಹನ್ನೊಂದೂ ಅರಳಿವೆ' ಅಂತ ಉತ್ತರ ಬೇರೆ ಕೊಟ್ಟಿದ್ದೀರಿ. ಹೋದ ತಿಂಗಳು ಇನ್ನೊಬ್ಬರಿಗೂ ಇವನು ಹೀಗೇ ಕೇಳಿದ್ದನಂತೆ. ಮೂರು ದಿನ ಬಿಟ್ಟು ಅವರು ಹೋಗಿ ನೋಡಿದ್ರೆ ಬರೀ ಗುಂಡಿಗಳು. ಗೆಡ್ಡೆ ಸಮೇತ ಅಗೆದು ಒಯ್ದಿದ್ದಾನೆ. ನನಗೂ ಈಗಷ್ಟೇ ಗೊತ್ತಾಯ್ತು."

ಫೋಟೋ ಹಾಕಿ ಆಗಲೇ ನಾಲ್ಕು ದಿನವಾಗಿತ್ತು.

ನೊರೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ ಹೊರಟಳು. ಹಜಾರದಲ್ಲಿ ಅತ್ತೆ ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಅವರಿಗೆ ಎಂಬತ್ತನಾಲ್ಕು. ಮಗ ತೀರಿಕೊಂಡ ಮೇಲೆ ಈ ಆರು ವರ್ಷ ಅತ್ತೆ ಸೊಸೆ ಇಬ್ಬರೇ ಇದ್ದು, ಜಗಳವಾಡಲು ಬೇರೆ ಯಾರೂ ಇಲ್ಲದೆ ಪರಸ್ಪರ ಒಗ್ಗಿಹೋಗಿದ್ದರು.

"ಪಂಪ್‌ಹೌಸಿಗೆ ಹೋಗಿ ಬರ್ತೀನಿ ಅತ್ತೆ."

"ರಿಟೈರ್ ಆಗಿ ಮೂರು ವರ್ಷ ಆಯ್ತು. ಇನ್ನೂ ಎಂಥ ಪಂಪ್‌ಹೌಸು? ಬಾಲ್ಕನಿಲಿರೋ ಐದು ಕುಂಡದ ಮಣ್ಣು ಬದಲಾಯಿಸು ಅಂತ ಎರಡು ತಿಂಗಳಿಂದ ಬಡ್ಕೊಳ್ತಿದ್ದೀನಿ. ಮಣ್ಣಿನ ಚೀಲ ತಂದು ಮೂಲೆಗೆ ಹಾಕಿದ್ದೇ ಬಂತು. ಊರಿನ ಗಿಡವೆಲ್ಲ ಬೇಕು ನಿನಗೆ, ಮನೆ ಗಿಡ ಬೇಡ."

"ನಾಳೆ ಮಾಡ್ತೀನಿ. ಕಿವಿ ಮೆಷಿನ್ ಹಾಕ್ಕೊಂಡಿರಿ, ಫೋನ್ ಮಾಡ್ತೀನಿ."

"ಒಬ್ಬಳೇ ಇರುವಾಗ ಮೆಷಿನ್ ಯಾಕೆ? ಬ್ಯಾಟರಿ ಸುಮ್ನೆ ಖರ್ಚು," ಎಂದು ಅತ್ತೆ ಪೇಪರ್ ಮಡಚಿದರು.

ಪಂಪ್‌ಹೌಸಿಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಕಿಟಕಿ ಪಕ್ಕ ಕೂತ ಅವಳಿಗೆ ಹೊರಗಿನದು ಯಾವುದೂ ಕಾಣಲಿಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದವಳು. ಪಂಪ್‌ಹೌಸಿನ ರಿಜಿಸ್ಟರ್ ತಪಾಸಣೆಗೆಂದು ತಿಂಗಳಿಗೊಮ್ಮೆ ಇದೇ ಬಸ್ಸಿನಲ್ಲಿ ಬರುತ್ತಿದ್ದಳು. ಹಿಂದಿನ ಇಳಿಜಾರಿನಲ್ಲಿ ವರ್ಷಕ್ಕೊಮ್ಮೆ ಏಳುವ ಬಿಳಿ ಹೂಗಳನ್ನು ಆಗಲೇ ಕಿಟಕಿಯಿಂದ ನೋಡಿದ್ದಳು. ನೋಡಿ ಮತ್ತೆ ರಿಜಿಸ್ಟರಿಗೆ ತಲೆ ಹಾಕಿದ್ದಳು, ಅಷ್ಟೇ. ನಿವೃತ್ತಿಯಾದ ಮೇಲೆ ಗಂಡನ ಹಳೆಯ ಕ್ಯಾಮೆರಾ ಹಿಡಿದು ಭಾನುವಾರದ ಗುಂಪಿನ ಜೊತೆ ತಿರುಗಲು ಶುರು ಮಾಡಿದಾಗಲೇ ಅದು ನೆನಪಾದದ್ದು. ಈ ವರ್ಷ ಹೂ ಅರಳಿದಾಗ ಹೋಗಿ ತೆಗೆದ ಫೋಟೋ ನೋಡಿದ ಲ್ಯಾಟಿನ್ ಮಾಸ್ತರು ಮಾತ್ರೆ ಎಣಿಸುವುದನ್ನು ಅರ್ಧಕ್ಕೆ ಬಿಟ್ಟು, "ಮೂವತ್ತು ವರ್ಷದಿಂದ ಈ ಕಡೆ ಇದನ್ನ ಯಾರೂ ಕಂಡಿಲ್ಲ ಮೇಡಂ," ಅಂದಿದ್ದರು. ಅಂದು ಸಂಜೆಯೇ ಆ್ಯಪ್‌ಗೆ ಹಾಕಿದಳು. ಅರವತ್ತೆರಡು ಮಂದಿ ಗುರುತೇ ಇಲ್ಲದವರು ಮೆಚ್ಚಿಕೊಂಡರು. ಸರ್ವಿಸಿನುದ್ದಕ್ಕೂ ಅವಳು ಬರೆದ ಟಿಪ್ಪಣಿಗಳಿಗೆಲ್ಲ ಮೇಲಧಿಕಾರಿಗಳಿಂದ ಬಂದ ಮೆಚ್ಚುಗೆ 'ನೋಡಿದೆ' ಎಂಬ ಒಂದು ಪದ. ಅರವತ್ತೆರಡು ಮಂದಿ ಹೊಗಳಿದರೆ ಯಾರ ತಲೆ ತಾನೇ ನೆಟ್ಟಗಿದ್ದೀತು?

ಹನ್ನೊಂದು ಗಿಡ ತಮ್ಮ ಪಾಡಿಗೆ ತಾವು ಯಾರ ಕಣ್ಣಿಗೂ ಬೀಳದೆ ಬದುಕಿದ್ದವು. ನಾನೇ ಬಾಯಿ ಬಿಟ್ಟು ಅವುಗಳ ಬುಡಕ್ಕೆ ಗುದ್ದಲಿ ತಂದೆ ಎಂದುಕೊಂಡಳು. ಬಸ್ಸಿನ ಸೀಟಿನ ಕಬ್ಬಿಣದ ಸರಳನ್ನು ಅಂಗೈ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಗೇಟಿನಲ್ಲಿ ಪಂಪ್ ಆಪರೇಟರ್ ಅವಳನ್ನು ಕಂಡು ಅಭ್ಯಾಸಬಲದಿಂದ ಅಂಗಿಯ ಗುಂಡಿ ಹಾಕಿಕೊಂಡ. "ಏನ್ ಮೇಡಂ, ಮತ್ತೆ ತಪಾಸಣೆನಾ?"

"ಹಿಂದುಗಡೆ ಯಾರಾದ್ರೂ ಬಂದಿದ್ರಾ?"

ಉತ್ತರಕ್ಕೂ ಕಾಯದೆ ಕಟ್ಟಡ ಸುತ್ತಿ ಹಿಂದಕ್ಕೆ ನಡೆದಳು. ಇಳಿಜಾರಿನ ಬುಡಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು. ನೆಲ ಅಗೆದಿತ್ತು. ಕೆಂಪು ಹಸಿಮಣ್ಣು ರಾಶಿ ಬಿದ್ದಿತ್ತು. ಅದರ ಮೇಲೆ ಬೂಟಿನ ಗುರುತು.

ಹಿಂದೆಯೇ ಬಂದ ಆಪರೇಟರ್ ತಪ್ಪಿತಸ್ಥನಂತೆ ತಲೆ ಕೆರೆದುಕೊಂಡ. "ಪೈಪ್ ಸೋರ್ತಿತ್ತು ಮೇಡಂ. ನಿನ್ನೆ ನಾವೇ ಅಗೆದ್ವಿ. ಸಂಜೆ ಒಳಗೆ ಮುಚ್ಚಿಸ್ತೀನಿ, ನೀವು ಆಫೀಸಿಗೆ ಹೇಳ್ಬೇಡಿ."

ಅವಳು ಕಂದಕ ದಾಟಿ ಕಲ್ಲು ಹಿಡಿದು ಮೇಲೆ ಹತ್ತಿದಳು. ಅಲ್ಲಿದ್ದವು. ಗೇಣುದ್ದದ ಹಸಿರು ಕಡ್ಡಿಗಳ ತುದಿಯಲ್ಲಿ, ಅಂಚನ್ನೆಲ್ಲ ಕತ್ತರಿಯಿಂದ ಸಣ್ಣಗೆ ಸೀಳಿದ ಕಾಗದದಂಥ ಬಿಳಿ ಹೂಗಳು. ಬಾಗಿ ಎಣಿಸಿದಳು. ಹತ್ತು. ಲೆಕ್ಕ ಕೂಡದಿದ್ದರೆ ಮನೆಗೆ ಹೋಗದ ಜಾತಿ ಅವಳದು. ಮತ್ತೆ ಎಣಿಸಿದಳು, ಮತ್ತೆ ಹತ್ತೇ. ಮಂಡಿಯೂರಿ ಒಣಗಿದ ಎಲೆಗಳನ್ನು ಒಂದೊಂದಾಗಿ ಸರಿಸಿದಾಗ, ಉದುರಿದ ಕೊಂಬೆಯೊಂದರ ಕೆಳಗೆ ಸೊಂಟ ಬಗ್ಗಿಸಿಕೊಂಡು ಹನ್ನೊಂದನೆಯದು ಇತ್ತು. ಹೂವೂ ಇತ್ತು.

ಹೋದ ಜೀವ ಬಂದಂತಾಯಿತು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅಳು ಬಂತು, ತಡೆಯಲೂ ಹೋಗಲಿಲ್ಲ. ಕೆಳಗಿನಿಂದ ಆಪರೇಟರ್, "ಪೈಪ್ ವಿಷಯ ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ ಮೇಡಂ," ಅಂದ.

ಕಣ್ಣೊರೆಸಿಕೊಂಡು ಲ್ಯಾಟಿನ್ ಮಾಸ್ತರಿಗೆ ಫೋನ್ ಮಾಡಿದಳು. "ಹನ್ನೊಂದೂ ಇವೆ ಸಾರ್."

"ಅಬ್ಬ, ಬದುಕಿದೆವು. ತಡೀರಿ, ನಾನೂ ಆ್ಯಪ್ ತೆಗೆದಿದ್ದೀನಿ, ಮುಚ್ಚೋದು ಹೇಗೆ ಅಂತ ಹೇಳ್ತೀನಿ. ಮೊದಲು ನಕ್ಷೆ..." ಮಾತು ನಿಂತಿತು. ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿರುವುದು ಕೇಳಿಸಿತು. "ಮೇಡಂ, ಈ ಪಂಪ್‌ಹೌಸು ಊರಾಚೆ ಅಲ್ವಾ ಇರೋದು?"

"ಹೌದು."

"ನಕ್ಷೇಲಿ ಚುಕ್ಕೆ ನಿಮ್ಮ ಬೀದಿಲಿದೆ. ಬೀದಿ ಏನು, ನಿಮ್ಮ ಮನೇಲೇ ಇದೆ. ಇದೊಂದೇ ಅಲ್ಲ." ಮಾಸ್ತರರ ದನಿ ನಡುಗತೊಡಗಿತು. ಗಾಬರಿಯೋ ನಗುವೋ ಅವಳಿಗೆ ತಿಳಿಯಲಿಲ್ಲ. "ನೀವು ಎರಡು ವರ್ಷದಲ್ಲಿ ಹಾಕಿದ ನಾಲ್ಕುನೂರ ಅರವತ್ತಮೂರೂ ಅಲ್ಲೇ ಇವೆ. ಕಾಲುವೇಲಿ ಕಂಡ ನೀರುನಾಯಿ ನಿಮ್ಮ ಅಡಿಗೆಮನೇಲಿದೆ. ಮಿಂಚುಳ್ಳಿ, ಉಡ, ಕೆರೆಹಾವು ಎಲ್ಲಾ ಅಲ್ಲೇ ವಾಸ. ಇಷ್ಟು ದಿನ ನಾವ್ಯಾರೂ ಫೋಟೋ ಬಿಟ್ಟು ನಕ್ಷೆ ತೆಗೆದೇ ನೋಡಿಲ್ಲ. ಅದು ಹ್ಯಾಗೆ ಹಾಕ್ತಿದ್ರಿ ನೀವು?"

ಹ್ಯಾಗೆಂದರೆ, ಹಳೆಯ ಕ್ಯಾಮೆರಾಕ್ಕೆ ಸ್ಥಳ ಗೊತ್ತಾಗುವುದಿಲ್ಲ. ದಿನಾ ಸಂಜೆ ಅಡಿಗೆಮನೆಯ ಮೇಜಿನ ಮುಂದೆ ಕೂತು ಫೋಟೋಗಳನ್ನು ಫೋನಿಗೆ ಇಳಿಸಿ, ಒಂದೊಂದಕ್ಕೂ ಫಾರಂ ತುಂಬುತ್ತಿದ್ದಳು. ಹೆಸರು ಆದ ಮೇಲೆ ದಿನಾಂಕ, ಅದಾದ ಮೇಲೆ 'ಸ್ಥಳ'. ಪಕ್ಕದಲ್ಲೇ 'ಈಗಿರುವ ಸ್ಥಳ ಬಳಸಿ' ಎಂಬ ಗುಂಡಿ. ಪ್ರಾಮಾಣಿಕವಾಗಿ ಒತ್ತುತ್ತಿದ್ದಳು.

"ಸ್ಥಳ ಅಂದ್ರೆ ಬರೆಯೋರು ಇರೋ ಸ್ಥಳ ಅಲ್ವಾ ಸಾರ್? ಅರ್ಜಿ ಕೆಳಗೆ ಸ್ಥಳ, ದಿನಾಂಕ, ಸಹಿ ಅಂತ ಇರುತ್ತಲ್ಲ. ಅಲ್ಲಿ ಯಾರಾದ್ರೂ ಪೈಪ್ ಒಡೆದ ಜಾಗ ಬರೀತಾರಾ? ಸಹಿ ಹಾಕೋರು ಕೂತಿರೋ ಊರು ಬರೀತಾರೆ. ಅದು ಬರೆದಿಲ್ಲ ಅಂತ ಎಷ್ಟು ಅರ್ಜಿ ವಾಪಸ್ ಕಳಿಸಿದ್ದೀನಿ ನಾನು."

ಲ್ಯಾಟಿನ್ ಮಾಸ್ತರಿಗೆ ಇನ್ನು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕರು. ಕೆಮ್ಮಿನವನು ಬೇರೆ ಅಂಗಡಿ ಹುಡುಕಿಕೊಂಡು ಹೋದನೋ ಏನೋ. ಅವಳಿಗೂ ನಾಚಿಕೆಯ ಜೊತೆಗೇ ನಗು ಬಂತು. ಎಲ್ಲ ರಿಜಿಸ್ಟರಿನಲ್ಲೂ ತಪ್ಪು ಹುಡುಕುತ್ತಿದ್ದವಳು ತನ್ನ ರಿಜಿಸ್ಟರನ್ನು ಮೊದಲ ಸಾಲಿನಿಂದಲೇ ತಪ್ಪು ಬರೆದಿದ್ದಳು. ಆ ತಪ್ಪೇ ಹನ್ನೊಂದು ಗಿಡವನ್ನು ಕಾಪಾಡಿತ್ತು.

ನಗು ಇಬ್ಬರಿಗೂ ಒಟ್ಟಿಗೇ ನಿಂತಿತು.

"ಮೇಡಂ," ಎಂದರು ಮಾಸ್ತರು, "ಹಾಗಾದ್ರೆ ಆ ಹಸಿರುಪ್ರೇಮಿ ಹೋಗೋದು..."

"ಅತ್ತೆ ಒಬ್ಬರೇ ಇದ್ದಾರೆ ಸಾರ್."

ಮನೆಗೆ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಬಡಿದುಕೊಂಡು ನಿಂತಿತು. ಬರುವಾಗ ನಲವತ್ತು ನಿಮಿಷ ಹಿಡಿದ ಬಸ್ಸು ಹೋಗುವಾಗ ಒಂದು ಯುಗವನ್ನೇ ಹಿಡಿದಂತೆ ತೋರಿತು. ಚೀಲದಲ್ಲಿ ಗುದ್ದಲಿ ಇಟ್ಟುಕೊಂಡು ತಿರುಗುವವನು, ಕೇಳಿಸದ ಮುದುಕಿ, ಚಿಲಕ ಹಾಕದ ಬಾಗಿಲು. ಗಿಡದ ಚಿಂತೆ ಹೋಗಿ ಜೀವದ ಚಿಂತೆ ಬಂತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಅರವತ್ತಮೂರರ ಮಂಡಿ ಅದನ್ನು ಆಮೇಲೆ ಒಂದು ವಾರ ನೆನಪಿಸುತ್ತಲೇ ಇತ್ತು.

ಬಾಗಿಲು ತೆರೆದಿತ್ತು. ಹಜಾರದಿಂದ ಬಾಲ್ಕನಿಯವರೆಗೆ ಪೇಪರ್ ಹಾಸಿತ್ತು, ಅದರ ಮೇಲೆ ಮಣ್ಣಿನ ಹೆಜ್ಜೆಗಳು. ಮೇಜಿನ ಮೇಲೆ ಕುಡಿದಿಟ್ಟ ಎರಡು ಟೀ ಲೋಟ. ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಹೊಸ ಮಣ್ಣು ತುಂಬಿದ ಮೂರು ಕುಂಡಗಳಿಗೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರು.

"ಬಂದ್ಯಾ? ನಿಮ್ಮ ಗುಂಪಿನವನು ಈಗ ತಾನೇ ಹೋದ ಕಣೇ. ಒಳ್ಳೇ ಮನುಷ್ಯ. ಕೆಲಸ ಸ್ವಲ್ಪ ನಿಧಾನ."

ಅವಳು ಗೋಡೆ ಹಿಡಿದು ಉಸಿರು ಸುಧಾರಿಸಿಕೊಂಡಳು. "ಯಾರು ಅತ್ತೆ? ಏನಂದ?"

"ಮೆಷಿನ್ ಇರಲಿಲ್ಲ, ಅರ್ಧ ಕೇಳಿಸ್ತು, ಅರ್ಧ ಇಲ್ಲ. ಫೋನ್ ಹಿಡ್ಕೊಂಡು ಮನೆಯೆಲ್ಲ ಸುತ್ತಿದ. ಅಡಿಗೆಮನೆಗೂ ಹೋಗಿ ಮೇಜಿನ ಹತ್ರ ನಿಂತ್ಕೊಂಡು, 'ಇಲ್ಲೇ ತೋರಿಸ್ತಿದೆ ಅಜ್ಜಿ' ಅಂತಾನೆ. ಏನಪ್ಪ ಅಂದ್ರೆ ಗಿಡ ಅಂತಾನೆ. ಅಡಿಗೆಮನೇಲಿ ಯಾರಪ್ಪ ಗಿಡ ಇಡ್ತಾರೆ, ಬಾಲ್ಕನಿಲಿದೆ ಬಾ ಅಂತ ಕರ್ಕೊಂಡು ಬಂದೆ. ಚೀಲದಲ್ಲಿ ಅಗೆಯೋ ಸಾಮಾನೆಲ್ಲ ಇತ್ತು. ಮಣ್ಣು ಬದಲಾಯಿಸೋಕೆ ಅಂತ ನೀನೇ ಕಳಿಸಿರಬೇಕು ಅಂದ್ಕೊಂಡೆ. ಕುಂಡ ತೋರಿಸಿ, ಕುರ್ಚಿ ಹಾಕ್ಕೊಂಡು ಬಾಗಿಲಿಗೆ ಅಡ್ಡ ಕೂತೆ."

"ಅವನು ಮಾಡಿದ್ನಾ?"

"ಮಾಡದೆ? ನಾನು ಕೂತಿದ್ದೆನಲ್ಲ. ಏನೋ ಹೇಳೋಕೆ ಬರ್ತಿದ್ದ, ಕೇಳಿಸಲ್ಲಪ್ಪ ಅಂದೆ. ಮೂರು ಮುಗಿಸೋ ಹೊತ್ತಿಗೆ ಸೊಂಟ ಹಿಡ್ಕೊಂಡ. ಟೀ ಕೊಟ್ಟೆ. ಹೋಗುವಾಗ ಲೋಳೆಸರದ ಎರಡು ಮರಿ ಪೇಪರಲ್ಲಿ ಸುತ್ತಿಕೊಟ್ಟೆ. ಬೇಡ ಬೇಡ ಅಂದ. ಗಿಡ ಹುಡುಕ್ಕೊಂಡು ಬಂದವನನ್ನ ಬರಿಗೈಲಿ ಕಳಿಸೋಕಾಗುತ್ತಾ?"

ಅವಳು ಮಣ್ಣಿನ ನೆಲದ ಮೇಲೆಯೇ ಅತ್ತೆಯ ಕಾಲ ಬಳಿ ಕೂತಳು. ಮೊದಲು ನಕ್ಕಳು, ಆಮೇಲೆ ನಗುತ್ತ ನಗುತ್ತ ಅವರ ಮಂಡಿಯ ಮೇಲೆ ತಲೆ ಇಟ್ಟಳು. ಅತ್ತೆಗೆ ಏನೂ ಅರ್ಥವಾಗಲಿಲ್ಲ. ಆದರೂ ಒದ್ದೆ ಕೈಯಿಂದ ಅವಳ ಕೂದಲಿಗೆ ಅಂಟಿದ್ದ ಒಣ ಎಲೆಯೊಂದನ್ನು ತೆಗೆದರು.

ತಪ್ಪು ತಿದ್ದಲು ನಾಲ್ಕು ದಿನ ಹಿಡಿಯಿತು. ಪ್ರತಿ ಹಕ್ಕಿ, ಪ್ರತಿ ಹುಳವನ್ನೂ ಕಂಡ ಜಾಗ ಅವಳ ಕಿಸೆಪುಸ್ತಕಗಳಲ್ಲಿ ದಿನಾಂಕದ ಪ್ರಕಾರ ಇದ್ದೇ ಇತ್ತು. ಅದೇ ಅಡಿಗೆಮನೆಯ ಮೇಜಿನ ಮುಂದೆ ಕೂತು ಒಂದೊಂದನ್ನೇ ಮನೆ ಬಿಡಿಸಿದಳು. ನೀರುನಾಯಿ ಕಾಲುವೆಗೆ ಹೋಯಿತು, ಮಿಂಚುಳ್ಳಿ ಸೇತುವೆಗೆ, ಉಡ ಹಳೆಯ ಗೋದಾಮಿನ ಗೋಡೆಗೆ. ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ನಕ್ಷೆಯ ಮೇಲೆ ಅವರ ಮನೆಯಲ್ಲಿ ಉಳಿದದ್ದು ಒಂದೇ ಚುಕ್ಕೆ, ಸೀತಾಳೆಯದು.

ಅದರ ಕೆಳಗೆ ಹಸಿರುಪ್ರೇಮಿಯ ದೂರು ಬಂದಿತ್ತು. 'ಸ್ಥಳ ತಪ್ಪಾಗಿದೆ. ಖುದ್ದಾಗಿ ಹೋಗಿ ನೋಡಿದೆ. ಅಲ್ಲಿ ಅಂಥ ಗಿಡ ಇಲ್ಲ.'

"ಮುಚ್ಚೋ ಗುಂಡಿ ಒತ್ತಿ, ಆಮೇಲೆ ತಿದ್ದಿಬಿಡಿ ಮೇಡಂ," ಎಂದಿದ್ದರು ಲ್ಯಾಟಿನ್ ಮಾಸ್ತರು. "ನೋಡೋಣ ಸಾರ್," ಎಂದಿದ್ದಳು. ತಪ್ಪೆಂದು ಗೊತ್ತಿದ್ದೂ ಒಂದು ನಮೂದನ್ನು ಹಾಗೇ ಬಿಟ್ಟವಳಲ್ಲ ಅವಳು. ಬೆರಳು ಬಹಳ ಹೊತ್ತು ಆ ಚುಕ್ಕೆಯ ಮೇಲೆಯೇ ನಿಂತಿತು. ಕೊನೆಗೆ ಚುಕ್ಕೆಯನ್ನು ಬಿಟ್ಟು ದೂರಿನ ಕೆಳಗೆ ಹೋಗಿ, ಆಫೀಸಿನಲ್ಲಿ ಕಪಾಟು ಸೇರಿ ಮತ್ತೆಂದೂ ಹೊರಬಾರದ ಕಡತಗಳ ಮೇಲೆ ಬರೆಯುತ್ತಿದ್ದ ಅದೇ ಮಾತನ್ನು ಬರೆದಳು: 'ಪರಿಶೀಲನೆಯಲ್ಲಿದೆ.'

ಸೀತಾಳೆಯ ನಿಜವಾದ ಜಾಗ ಬರೆದಿದ್ದ ಕಿಸೆಪುಸ್ತಕವನ್ನು ಬಟ್ಟೆಗಳ ಅಡಿಯಲ್ಲಿಟ್ಟು ಹೊರಬಂದಾಗ, ಹಜಾರದಲ್ಲಿ ಏನೋ ಎಳೆದಾಡುವ ಸದ್ದು ಕೇಳಿಸಿತು. ಅತ್ತೆ ಉಳಿದ ಎರಡು ಕುಂಡಗಳನ್ನು ಬಾಲ್ಕನಿಯಿಂದ ಉರುಳಿಸಿ ತಂದು ಮುಂಬಾಗಿಲ ಪಕ್ಕದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಮಣ್ಣಿನ ಚೀಲವೂ ಅಲ್ಲೇ ಬಂದಿತ್ತು.

"ಇವನ್ನ ಯಾಕೆ ಇಲ್ಲಿಗೆ ತಂದ್ರಿ ಅತ್ತೆ?"

"ಅವನು ಮತ್ತೆ ಬಂದ್ರೆ," ಎಂದರು ಅತ್ತೆ, ಕೈಯ ಮಣ್ಣು ಕೊಡವಿಕೊಳ್ಳುತ್ತ, "ಪಾಪ, ಮನೆಯೆಲ್ಲ ಹುಡುಕೋದು ಬೇಡ."