ಗಿಡ್ಡ ಕಮಾನು

ಕೆಝಾಯ ಮಗಳನ್ನು ದೋಣಿಕೋಣೆಯ ಮಾಡಿನ ಮೇಲೆ ಕೂರಿಸಿ, ಸೊಂಟದ ಹಗ್ಗವನ್ನು ಹೊಗೆಕೊಳವೆಯ ಬುಡದ ಬಳೆಗೆ ಬಿಗಿದಳು. ಲೆಟಿಗೆ ಇನ್ನೂ ಮೂರು ವರ್ಷ.

“ಏನವ್ವಾ, ನಾಯಿಮರಿ ಕಟ್ಟಿದ ಹಾಗೆ ಕಟ್ಟಿದೀಯಲ್ಲ!” ಎಂದ, ಆಗಷ್ಟೇ ದೋಣಿಯಿಂದ ಕಲ್ಲಿದ್ದಲು ಇಳಿಸಿ ಮುಗಿಸಿದ್ದ ಆಳು.

“ನಾಯಿಮರಿಯಾಗಿದ್ರೆ ಈಜ್ತಿತ್ತು ಕಣಪ್ಪಾ.”

ಸೇತುವೆಯಾಚೆಯ ಕಾಗದದ ಗಿರಣಿ ಆ ವಾರ ಮುಚ್ಚಿತ್ತು. ಅದಕ್ಕೇ ಅಲ್ಲಿಗೆ ಒಯ್ಯಬೇಕಿದ್ದ ಸರಕೆಲ್ಲ ಈಚೆಯ ಕಟ್ಟೆಯಲ್ಲೇ ಇಳಿಯಿತು. ಇನ್ನು ಸೇತುವೆ ದಾಟಿ ಮುಂದೆ ಹೋಗಿ ಸುಣ್ಣದ ಕಲ್ಲು ತುಂಬಬೇಕು. ಗಂಡ ಜೋಬ್ ದೋಣಿ ಎಳೆಯುವ ಕುದುರೆಯನ್ನು ಹಿಡಿದು ಕಾಲುವೆಯ ದಡದ ಮೇಲೆ ನಡೆದ. ಕೆಝಾಯ ಹಿಂದೆ ನಿಂತು ಚುಕ್ಕಾಣಿ ಹಿಡಿದಳು.

ಲೆಟಿ ನಡೆಯಲು ಕಲಿತಾಗಿನಿಂದ ಕೆಝಾಯಳದೊಂದು ರೂಢಿ: ಗಿರಣಿಯ ಕಡೆ ಹೋಗುವಾಗ ಮಗು ಮೇಲೆ, ಬರುವಾಗ ಒಳಗೆ. ಹೋಗುವಾಗ ದೋಣಿ ಭಾರಕ್ಕೆ ತಗ್ಗಿರುತ್ತಿತ್ತು, ಬರುವಾಗ ಖಾಲಿಯಾಗಿ ಮೇಲೆದ್ದಿರುತ್ತಿತ್ತು. ಇವತ್ತೂ ಹೋಗುವ ದಾರಿಯೇ. ಕೈ ತನ್ನಷ್ಟಕ್ಕೆ ಗಂಟು ಹಾಕಿತ್ತು.

ತಿರುವಿನಾಚೆ ಇಟ್ಟಿಗೆಯ ಸೇತುವೆ ಕಂಡಿತು. ಅಜ್ಜಂದಿರ ಕಾಲದಿಂದ ದೋಣಿಹಗ್ಗ ಉಜ್ಜಿ ಉಜ್ಜಿ ಅದರ ಮೂಲೆಯಲ್ಲಿ ಬೆರಳು ಹುದುಗುವಷ್ಟು ಆಳದ ಗೀರುಗಳು. ಕೆಳಗೆ ಗಣಿ ತೋಡಿ ನೆಲ ಕುಸಿದು, ಕಮಾನು ವರ್ಷ ವರ್ಷ ಕುಗ್ಗುತ್ತಿತ್ತು.

ಖಾಲಿ ದೋಣಿ ಮೇಲೆದ್ದಿದೆ, ಹೊಗೆಕೊಳವೆಯ ತುದಿ ಕಮಾನಿಗಿಂತ ಮೇಲಿದೆ.

“ಜೋಬ್! ನಿಲ್ಸೋ! ಮಗು ಮೇಲಿದೆ!”

ಅವನು ಕುದುರೆಯನ್ನು ನಿಲ್ಲಿಸಿದ. ಹಗ್ಗ ಸಡಿಲಾಯಿತು. ದೋಣಿ ಮಾತ್ರ ಬಂದ ವೇಗಕ್ಕೆ ಸಾಗುತ್ತಲೇ ಇತ್ತು. ಕೆಝಾಯ ಗಂಟಿಗೆ ಕೈ ಹಾಕಿದಳು, ಅದು ಬಿಚ್ಚಿಕೊಳ್ಳಲಿಲ್ಲ.

“ಮಲಕ್ಕೋ ಲೆಟಿ, ಮಲಕ್ಕೋ ಚಿನ್ನ!”

ಮಗು ನಗುತ್ತಾ ತಲೆ ಎತ್ತಿತು. ಕೆಝಾಯ ಆ ತಲೆಯನ್ನು ಹಲಗೆಗೆ ಒತ್ತಿ ಹಿಡಿದು ತಾನು ಬಾಗಿಲಿನೊಳಗೆ ಕುಸಿದಳು. ಕೈಯೊಂದು ಮೇಲೆಯೇ ಉಳಿಯಿತು. ಕೊಳವೆ ಮುರಿದು ನೀರಿಗೆ ಬಿತ್ತು. ಆಮೇಲೆ ಇಟ್ಟಿಗೆ ಅವಳ ಕೈಯ ಮೇಲೆ ಹಾದುಹೋಯಿತು, ಬಹಳ ನಿಧಾನವಾಗಿ.

ಸೇತುವೆ ದಾಟಿದ ಮೇಲೆ ಜೋಬ್ ದೋಣಿಗೆ ಹಾರಿದ. ಲೆಟಿಯ ಮುಖ ತುಂಬ ರಕ್ತ. ಒರೆಸಿ ನೋಡಿದ, ಅದು ಮಗುವಿನದಲ್ಲ.

“ನಿನ್ನ ಕೈ…”

“ಮೊದ್ಲು ಹಗ್ಗ ಕೊಯ್ಯೋ.”

ಚಳಿಗಾಲದ ಹೊತ್ತಿಗೆ ಕೆಝಾಯ ಚುಕ್ಕಾಣಿಯನ್ನು ಕಂಕುಳಲ್ಲಿ ಅವುಚಿ ನಡೆಸುವುದನ್ನು ಕಲಿತಿದ್ದಳು. ಲೆಟಿ ಈಗ ಒಳಗೇ ಇರುತ್ತಾಳೆ, ಹೋಗುವಾಗಲೂ ಬರುವಾಗಲೂ. ಬಾಗಿಲು ಬಡಿಯುತ್ತಾ ಅಳುತ್ತಾಳೆ.

“ತೆಗೆಯೇ, ಸ್ವಲ್ಪ ಗಾಳಿ ಕುಡೀಲಿ,” ಎನ್ನುತ್ತಾನೆ ಜೋಬ್ ದಡದಿಂದ.

ಕೆಝಾಯ ಮುಂದಿನ ತಿರುವಿಗೆ ಚುಕ್ಕಾಣಿ ಹೊರಳಿಸುತ್ತಾಳೆ. ಅಗುಳಿ ಹಾಕಿಯೇ ಇರುತ್ತದೆ.