ಖಾಲಿ ಮನೆಗಳ ಪಟ್ಟಿ

ನನ್ನ ಕೆಲಸ ಏನೆಂದು ಹೇಳಲು ಹೊರಟರೆ ಎರಡನೇ ವಾಕ್ಯಕ್ಕೇ ಜನ ಆಕಳಿಸುತ್ತಾರೆ. ಮೊದಲನೆಯದು ಇದು: ವಿದ್ಯುತ್ ಕಂಪನಿ ಮನೆಗಳಿಂದ ಯೂನಿಟ್ಟಿಗೆ ಇಷ್ಟಕ್ಕಿಂತ ಹೆಚ್ಚು ವಸೂಲಿ ಮಾಡಕೂಡದು ಎಂದು ಮಿತಿ ಹಾಕುವ ಕಚೇರಿ ನಮ್ಮದು. ಎರಡನೆಯದು: ಕರೆಂಟು ಬಳಸಿದರೂ ಬಿಟ್ಟರೂ ತಿಂಗಳಿಗೊಮ್ಮೆ ಕಟ್ಟಬೇಕಾದ ನಿಗದಿತ ಶುಲ್ಕಕ್ಕೆ ಮಿತಿ ಹಾಕುವವರೂ ನಾವೇ. ಮಗಳು ಚಿಕ್ಕವಳಿದ್ದಾಗ ಮಾತ್ರ ಇದನ್ನು ಕೊನೆಯವರೆಗೂ ಕೇಳುತ್ತಿದ್ದಳು, ಅದೂ ಬೇಗ ನಿದ್ದೆ ಬರಲಿ ಎಂದು.

ಎರಡು ಮಿತಿಗೂ ಒಂದು ಅಂಕಿ ಬೇಕು: ಸಾಧಾರಣ ಮನೆಯೊಂದು ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತದೆ? ಅದನ್ನು ತೆಗೆದುಕೊಡುವವಳು ನಾನು. ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನೇ ಒಂದು ನಿಯಮ ಬರೆದೆ. ಮೂವತ್ತು ಯೂನಿಟ್ಟಿಗಿಂತ ಕಡಿಮೆ ಬಂದ ಮನೆಯಲ್ಲಿ ಯಾರೂ ವಾಸವಿಲ್ಲವೆಂದು ತಿಳಿದು ಅದನ್ನು ಲೆಕ್ಕದಿಂದ ಕೈಬಿಡುವುದು. ಬೀಗ ಹಾಕಿದ ಮನೆಗಳು ಸರಾಸರಿ ಕೆಡಿಸುತ್ತವಲ್ಲ, ಅದಕ್ಕೆ. ಆಗ ನಮ್ಮ ಮನೆಯಲ್ಲಿ ಗಂಡ, ಅತ್ತೆ, ನಾದಿನಿ, ಮಗಳು. ಬೆಳಿಗ್ಗೆ ಬಚ್ಚಲಿಗೆ ಸರದಿ. ಮೂವತ್ತು ಯೂನಿಟ್ ಮೊದಲ ವಾರಕ್ಕೇ ಮಂಗಮಾಯ. ಅಷ್ಟರಲ್ಲೇ ತಿಂಗಳಿಡೀ ಬದುಕುವ ಜೀವವೊಂದು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಈ ವರ್ಷ ಕಂಪನಿ ಹೊಸ ಬೇಡಿಕೆ ತಂದಿತು. ಯೂನಿಟ್ ದರದ ಮಿತಿಯನ್ನು ಸ್ವಲ್ಪ ಇಳಿಸಿ, ನಿಗದಿತ ಶುಲ್ಕದ ಮಿತಿಯನ್ನು ದುಪ್ಪಟ್ಟು ಮಾಡಿ ಎಂದು. ದೊಡ್ಡ ಮನೆಗಳಿಗೆ ಲಾಭ. ಕಡಿಮೆ ಬಳಸುವವರಿಗೆ ಬರೆ ಎಳೆದಂತೆ. ಯಾರಿಗೆ ಪೆಟ್ಟು ಬೀಳುತ್ತದೆಂದು ನೋಡಿ ಹೇಳಲು ಕಡತ ನನ್ನ ಮೇಜಿಗೆ ಬಂತು. ನೋಡಿದೆ. ಪೆಟ್ಟು ಬೀಳುವ ಹತ್ತೊಂಬತ್ತು ಸಾವಿರ ಮನೆಗಳೂ ನನ್ನ ಖಾಲಿ ಮನೆಗಳ ಪಟ್ಟಿಯಲ್ಲೇ ಇದ್ದವು. ‘ವಾಸವಿರುವ ಯಾರಿಗೂ ತೊಂದರೆಯಿಲ್ಲ’ ಎಂದು ಷರಾ ಬರೆದು ಸಹಿ ಹಾಕಿದೆ.

ಆ ಪಟ್ಟಿಯನ್ನು ಆಕ್ಷೇಪಣೆಗೆಂದು ಕಚೇರಿಯ ಹೊರಗೋಡೆಗೆ ಅಂಟಿಸುವುದು ಪದ್ಧತಿ. ಬರೀ ಮೀಟರ್ ನಂಬರುಗಳು. ಇಷ್ಟು ವರ್ಷದಲ್ಲಿ ಅದನ್ನು ಓದಿದ ನರಪಿಳ್ಳೆಯಿಲ್ಲ. ಈ ಸಲ ಒಬ್ಬರು ಓದಿದ್ದರು. ಸಾರ್ವಜನಿಕ ವಿಚಾರಣೆಯ ದಿನ ಕೊನೆಯ ಸಾಲಿನಿಂದ ಎದ್ದರು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇದ್ದ ಒಬ್ಬ ಟೈಲರ್.

“ಸ್ವಾಮಿ, ಗೋಡೆ ಮೇಲೆ ನನ್ನ ಮೀಟರ್ ನಂಬರ್ ಇದೆ. ನನ್ನ ಮನೇಲಿ ಯಾರೂ ವಾಸ ಇಲ್ವಂತೆ. ಹಾಗಾದ್ರೆ ಬೆಳಿಗ್ಗೆ ಎದ್ದು ಇಲ್ಲಿಗೆ ಬಂದೋನು ಯಾರು?”

ಎಲ್ಲರೂ ನಕ್ಕರು. ನಾನೂ ನಕ್ಕೆ.

“ಕಾಲಲ್ಲಿ ತುಳಿಯೋ ಮೆಷಿನ್ನು, ಒಂದು ಬಲ್ಬು, ಒಂದು ರೇಡಿಯೋ,” ಎಂದರು ಅವರು. “ಹೆಂಡ್ತಿ ಹೋದ್ಮೇಲೆ ಇನ್ನೇನು ಬೇಕು? ರೇಡಿಯೋನೂ ಯಾರಾದ್ರೂ ಮಾತಾಡ್ತಿರ್ಲಿ ಅಂತ ಹಾಕೋದು. ಅದಕ್ಕೂ ನೀವು ದುಪ್ಪಟ್ಟು ಶುಲ್ಕ ಅಂದ್ರೆ ಅದನ್ನೂ ಮಾರಬೇಕಾಗುತ್ತೆ.”

ನಗು ನಿಂತಿತು. ನಮ್ಮ ಕಚೇರಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಎಲ್ಲೋ ಒಂದು ಮನೆ ತಪ್ಪಿರಬಹುದು. ಅದಕ್ಕೋಸ್ಕರ ಎಲ್ಲ ಬದಲಾಯಿಸೋಕಾಗಲ್ಲ. ಶುಕ್ರವಾರ ಆದೇಶ ಹೊರಡುತ್ತೆ.”

ಸಂಜೆ ಮನೆಗೆ ಬಂದು ಬೀಗ ತೆಗೆದೆ. ಯಾಕೋ ಆ ಟೈಲರ್ ತಲೆಯಿಂದ ಇಳಿಯಲೇ ಇಲ್ಲ. ನನ್ನ ಬಿಲ್ಲು ಬ್ಯಾಂಕಿನಿಂದ ತಾನಾಗಿ ಪಾವತಿಯಾಗುತ್ತದೆ; ಲಕೋಟೆ ಒಡೆಯದೆ ಎಷ್ಟೋ ಕಾಲವಾಗಿತ್ತು. ಡ್ರಾಯರಿನಿಂದ ತೆಗೆದು ಒಡೆದೆ. ಇಪ್ಪತ್ತಾರು ಯೂನಿಟ್. ಅದರ ಹಿಂದಿನದು ಇಪ್ಪತ್ತೇಳು. ಸರಿಯೇ, ಫ್ರಿಜ್ ಆರಿಸಿ ವರ್ಷದ ಮೇಲಾಗಿತ್ತು. ಒಬ್ಬಳ ಅಡುಗೆಯಲ್ಲಿ ಎತ್ತಿಡುವಂಥದ್ದು ಏನು ಉಳಿಯುತ್ತದೆ? ಅತ್ತೆ, ಆಮೇಲೆ ಇವರು ಹೋದರು. ನಾದಿನಿ, ಮಗಳು ಮದುವೆಯಾಗಿ ಹೋದರು. ಒಂದೊಂದಾಗಿ ಕೋಣೆಗಳ ದೀಪ ಹಾಕುವುದನ್ನು ಬಿಟ್ಟಿದ್ದೆ.

ಚೀಲದಲ್ಲಿದ್ದ ಪಟ್ಟಿಯ ಪ್ರತಿ ತೆಗೆದು ನೋಡಿದೆ. ಇನ್ನೂರ ಹನ್ನೊಂದನೇ ಪುಟದಲ್ಲಿ ನನ್ನ ಮೀಟರ್ ನಂಬರ್, ಕೆಳಗೆ ನನ್ನದೇ ಸಹಿ. ಅಳು ಬಂತು. ನಾಚಿಕೆಯೂ ಆಯಿತು. ಮಗಳಿಗೆ ಫೋನ್ ಮಾಡಿದರೆ, “ಅಮ್ಮಾ, ಡ್ಯೂಟೀಲಿದೀನಿ, ಆಮೇಲೆ ಮಾಡ್ತೀನಿ,” ಎಂದಳು. ಅವಳೇನೂ ಕೆಟ್ಟವಳಲ್ಲ. ಆಸ್ಪತ್ರೆಯ ಕೆಲಸ, ಮರೆತಿರಬೇಕು.

ಮರುದಿನ ಆ ಬಿಲ್ಲನ್ನು ಅಧ್ಯಕ್ಷರ ಮುಂದಿಟ್ಟೆ.

“ಇದ್ಯಾರ ಮನೆ?”

“ನಂದೇ, ಸರ್. ಹದಿನಾಲ್ಕು ತಿಂಗಳಿಂದ ಅಲ್ಲಿ ಯಾರೂ ವಾಸ ಇಲ್ಲ. ನಾನೇ ಸಹಿ ಹಾಕಿ ಕೊಟ್ಟಿದೀನಿ.”

ಅವರು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇಪ್ಪತ್ತೆರಡು ವರ್ಷದ ನಿಯಮ ಇದು. ತಪ್ಪು ಅಂತ ನೀವೇ ಬರೆದುಕೊಟ್ರೆ ನಿಮ್ಮ ಹೆಸರಿಗೇ ಕೆಟ್ಟದು.”

“ಬರ್ಕೊಂಡೇ ಬಂದಿದೀನಿ,” ಎಂದು ಕಾಗದ ಕೊಟ್ಟೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಆದೇಶ ನಿಂತಿತು. ಪಟ್ಟಿಯ ಪ್ರತಿ ಮನೆಗೂ ಹೋಗಿ ಬಾಗಿಲು ತಟ್ಟಿ ನೋಡಬೇಕೆಂದಾಯಿತು. ಹನ್ನೊಂದು ಸಾವಿರ ಬಾಗಿಲುಗಳು ತೆರೆದವು. ನಿಗದಿತ ಶುಲ್ಕ ಇದ್ದಲ್ಲೇ ಉಳಿಯಿತು. ನನ್ನ ಬಡ್ತಿಯೂ ಇದ್ದಲ್ಲೇ ಉಳಿಯಿತು.

ನನ್ನ ಮನೆಯನ್ನೂ ತಟ್ಟಲೇಬೇಕಿತ್ತು. ಇದ್ದೇನೆಂದು ನಾನೇ ಹೇಳಿಕೊಂಡರೆ ನಡೆಯುವುದಿಲ್ಲ, ಬೇರೊಬ್ಬರು ಬಂದು ನೋಡಬೇಕು. ಭಾನುವಾರ ಹನ್ನೊಂದಕ್ಕೆ ಬರುತ್ತಾರೆಂದು ಗೊತ್ತಿತ್ತು. ಒಂಬತ್ತಕ್ಕೇ ಗುಡಿಸಿ ಒರೆಸಿ, ಒಳ್ಳೆಯ ಸೀರೆ ಉಟ್ಟು, ಎರಡು ಲೋಟ ತೊಳೆದಿಟ್ಟು ಕುಳಿತಿದ್ದೆ. ಹನ್ನೊಂದೂ ಕಾಲಿಗೆ ಕಾಲಿಂಗ್ ಬೆಲ್ ಆಯಿತು. ಅದರ ಸದ್ದು ಹೇಗಿದೆಯೆಂದೇ ಮರೆತುಹೋಗಿತ್ತು.

ಹೊರಗೆ ಮೀಟರ್ ಓದುವ ಹೆಂಗಸು, ಕೈಯಲ್ಲಿ ನಮೂನೆ. “ಅಮ್ಮಾ, ಈ ಮನೇಲಿ ಯಾರಾದ್ರೂ ವಾಸ ಇದಾರಾ?”

ಪ್ರಶ್ನೆಯ ಒಕ್ಕಣೆ ನನ್ನದೇ.

“ಇದೀನಿ,” ಎಂದೆ.

“ಎಷ್ಟು ಜನ?”

“ಒಬ್ಬಳೇ.”

ಅವಳು ಗುರುತು ಹಾಕಿಕೊಂಡಳು.

“ಒಳಗೆ ಬನ್ನಿ. ಟೀ ಮಾಡಿಟ್ಟಿದೀನಿ, ಒಂದೇ ನಿಮಿಷ.”

“ಬೇಡಮ್ಮಾ, ಇನ್ನೂ ನಲವತ್ತು ಮನೆ ಇದೆ,” ಎಂದು ಅವಳು ಆಗಲೇ ಮೆಟ್ಟಿಲಿಳಿಯುತ್ತ ಹೇಳಿದಳು. “ಕೂತ್ರೆ ಮುಗಿಯಲ್ಲ. ಎಲ್ಲಾ ಮನೇಲೂ ಟೀ ಮಾಡಿಟ್ಕೊಂಡೇ ಕಾಯ್ತಿರ್ತಾರೆ.”